ಮನೆಯಿಂದಲೇ ಬರೆಯಿರಿ, ಸರಿ, ಹಣ ಯಾವಾಗ?

ಗಿಗ್ ಕಾರ್ಮಿಕರಿಗಾಗಿ ರಾಜ್ಯ ಕಾಯ್ದೆ ಬಂತು. ವರ್ಷಕ್ಕೆ 12 ದಿನಗಳ ವೇತನಸಹಿತ ಮುಟ್ಟಿನ ರಜೆ ಬಂತು. 2025ರ ನವೆಂಬರ್ 21ರಿಂದ ಕೇಂದ್ರದ ನಾಲ್ಕೂ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಮಕ್ಕಳನ್ನು ಸಾಕುತ್ತಾ, ಮನೆಯಲ್ಲೇ ಕುಳಿತು ಅನುವಾದ, ಜಾಹೀರಾತು ಬರಹ, ಕರಡು ತಿದ್ದುವ ಕೆಲಸ, ಪಠ್ಯ ರಚನೆಯಿಂದ ಗಳಿಸುವ ಹೆಣ್ಣುಮಗಳಿಗೆ ಈ ಮೂರರಿಂದ ಸಿಕ್ಕಿದ್ದು ಹೆಚ್ಚುಕಡಿಮೆ ಏನೂ ಇಲ್ಲ. ರಜೆ ಕೊಡಲು ಆಕೆಗೆ ಮಾಲೀಕರಿಲ್ಲ. ಗಿಗ್ ಕಾಯ್ದೆಯ ಅನುಸೂಚಿಯಲ್ಲಿ ಕಂಟೆಂಟ್ ಮತ್ತು ಮಾಧ್ಯಮ ಸೇವೆ ಸೇರಿದೆ, ನಿಜ. ಆದರೆ ಕೆಲಸ ಪ್ಲಾಟ್‌ಫಾರ್ಮ್ ಮೂಲಕ ಬಂದಿರಬೇಕು. ಪ್ರಕಾಶಕರು ಫೋನ್ ಮಾಡಿ ಒಪ್ಪಿಸಿದ ಪುಸ್ತಕ ಅದರೊಳಗೆ ಬರುವುದಿಲ್ಲ. ಹೆರಿಗೆಗೆ 26 ವಾರಗಳ ರಜೆ ಇರುವುದೂ ಸಂಬಳ ಕೊಡುವ ಸಂಸ್ಥೆಯಲ್ಲಿ ಇರುವವರಿಗೇ.

ಹಾಗಿದ್ದರೂ ಉಪದೇಶಕ್ಕೆ ಕೊರತೆಯಿಲ್ಲ. ಓದಿದ ತಾಯಂದಿರು ಮನೆಯಿಂದಲೇ ಬರೆದು ಗಳಿಸಬಹುದಲ್ಲ, ಒಂದು ಲ್ಯಾಪ್‌ಟಾಪ್ ಸಾಕಲ್ಲ ಎಂಬ ಮಾತು ಅಂಕಣಗಳಲ್ಲೂ ವೇದಿಕೆಗಳಲ್ಲೂ ಕೇಳುತ್ತಲೇ ಇದೆ. ಜೊತೆಗೆ ತ್ರಿವೇಣಿ, ಎಂ.ಕೆ. ಇಂದಿರಾ ಅವರ ಉದಾಹರಣೆ. ಅವರು ಮನೆಯೊಳಗಿದ್ದು ದೊಡ್ಡ ಸಾಹಿತ್ಯ ಬರೆದರು ಎಂಬುದು, ಇಂದಿನ ಅನುವಾದಕಿಗೆ ತಿಂಗಳ ಕೊನೆಗೆ ಹಣ ಬರುತ್ತದೆ ಎಂಬುದಕ್ಕೆ ಸಾಕ್ಷಿಯಾಗುವುದು ಹೇಗೆ?

ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಇವರಿಗೆ ತುರ್ತಾಗಿ ಹೊಸ ಕಾನೂನು ಬೇಕಿಲ್ಲ. ಬೇಕಾದದ್ದು 2006ರಿಂದಲೇ ಇದೆ. ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ (ಎಂಎಸ್‌ಎಂಇ) ಅಭಿವೃದ್ಧಿ ಕಾಯ್ದೆಯ 15ನೇ ಸೆಕ್ಷನ್ ಹೇಳುವ 45 ದಿನಗಳ ಗಡುವೇ ಅದು. ಪೀಣ್ಯದ ವರ್ಕ್‌ಶಾಪಿನವರಿಗೆ ಗೊತ್ತಿರುವ ಈ ಸಂಖ್ಯೆ, ಬರಹವನ್ನೇ ಕಸುಬು ಮಾಡಿಕೊಂಡವರ ಕುರಿತ ಚರ್ಚೆಯಲ್ಲಿ ಒಮ್ಮೆಯೂ ಬರುವುದಿಲ್ಲ.

ಬರುವ ಸಂಖ್ಯೆ ಬೇರೆ: 289. ರಾಷ್ಟ್ರೀಯ ಸಾಂಖ್ಯಿಕ ಕಚೇರಿಯ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವ ಮಹಿಳೆಯರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ, ಗಂಡಸರು 88. ಮಕ್ಕಳು, ಹಿರಿಯರ ಆರೈಕೆಯಲ್ಲಿ ತೊಡಗಿದ ಮಹಿಳೆಯರು 137 ನಿಮಿಷ, ಗಂಡಸರು 75. ಈ ಅಂಕಿಗಳನ್ನು ಉಲ್ಲೇಖಿಸಿ, ಗಂಡಸರ ಮನಸ್ಸು ಬದಲಾಗಬೇಕು ಎಂದು ಬರೆದು ನಮ್ಮ ವಿಶ್ಲೇಷಕರು ಲೇಖನ ಮುಗಿಸುತ್ತಾರೆ. ಬದಲಾಗಲೇಬೇಕು. ಆದರೆ ಮನಸ್ಸು ಬದಲಾಗುವವರೆಗೆ ಆಕೆ ಸಮಯವನ್ನು ಎಲ್ಲಿಂದ ತರಬೇಕು?

ಕೊಳ್ಳಬೇಕು. ಮಗುವನ್ನು ದಿನಕ್ಕೆ ನಾಲ್ಕು ತಾಸು ಡೇಕೇರ್‌ಗೆ ಬಿಟ್ಟರೆ, ಅಥವಾ ಅಡುಗೆಗೆ ಒಬ್ಬರನ್ನು ಇಟ್ಟುಕೊಂಡರೆ ಸಮಯ ಸಿಗುತ್ತದೆ. ರಾಜ್ಯದ ‘ಕೂಸಿನ ಮನೆ’ ಯೋಜನೆ ರೂಪುಗೊಂಡದ್ದು ಗ್ರಾಮ ಪಂಚಾಯಿತಿಗಳಲ್ಲಿ, ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವವರ ಮಕ್ಕಳಿಗಾಗಿ. ಧಾರವಾಡದಲ್ಲೋ ಮೈಸೂರಿನಲ್ಲೋ ಬಾಡಿಗೆ ಮನೆಯಲ್ಲಿ ಕುಳಿತು ಬರೆಯುವವರು ಖಾಸಗಿ ಡೇಕೇರ್‌ಗೇ ಹೋಗಬೇಕು. ಡೇಕೇರ್ ಶುಲ್ಕ ತಿಂಗಳ ಮೊದಲಿಗೇ ಕಟ್ಟಬೇಕು. ಶಾಲೆಯ ಶುಲ್ಕಕ್ಕೂ ತಾರೀಕು ಇದೆ. ಆಕೆಯ ಬಿಲ್ಲಿಗೆ ಮಾತ್ರ ತಾರೀಕು ಇಲ್ಲ. ‘ಅಕೌಂಟ್ಸ್‌ಗೆ ಕಳಿಸಿದ್ದೀವಿ ಮೇಡಂ’, ‘ಸಾಹೇಬ್ರು ಊರಲ್ಲಿಲ್ಲ’, ‘ಪುಸ್ತಕ ಅಚ್ಚಾಗಲಿ, ಒಟ್ಟಿಗೆ ಮಾಡೋಣ’ ಎಂಬ ಉತ್ತರಗಳಲ್ಲಿ ತಿಂಗಳುಗಳು ಉರುಳುತ್ತವೆ. ಹಣ ಯಾವಾಗ ಬರುತ್ತದೆಂದು ಗೊತ್ತಿಲ್ಲದವಳು ಡೇಕೇರ್‌ಗೆ ಸೇರಿಸುವ ಧೈರ್ಯ ಮಾಡುವುದಿಲ್ಲ. ಮಗು ಮನೆಯಲ್ಲೇ ಇದ್ದರೆ ದೊಡ್ಡ ಕೆಲಸ ಒಪ್ಪಿಕೊಳ್ಳಲಾಗದು. ಆಗ ಚಿಕ್ಕಪುಟ್ಟ ಕೆಲಸಗಳನ್ನು ಕೊಟ್ಟ ದರಕ್ಕೆ ಮಾಡಬೇಕು. ಮಗು ಮಲಗಿದ ಒಂದೂವರೆ ತಾಸಿನಲ್ಲಿ ಅರ್ಧ ತಾಸು ಬಾಕಿ ಹಣಕ್ಕಾಗಿ ಫೋನ್ ಮಾಡುವುದರಲ್ಲೇ ಹೋಗುತ್ತದೆ. 289 ಕರಗದಿರುವುದಕ್ಕೆ 45 ಜಾರಿಯಾಗದಿರುವುದೂ ಒಂದು ಕಾರಣ. ಇದನ್ನು ಯಾರೂ ಜೋಡಿಸಿ ನೋಡುತ್ತಿಲ್ಲ ಎಂಬುದೇ ನನ್ನ ತಕರಾರು.

ಕಾಯ್ದೆ ಏನು ಹೇಳುತ್ತದೆ ನೋಡಿ. ಸೇವೆ ಒದಗಿಸುವವರೂ ಉದ್ಯಮವೇ. ಲಿಖಿತ ಒಪ್ಪಂದವಿದ್ದರೆ ಒಪ್ಪಿದ ದಿನದೊಳಗೆ ಹಣ ಸಲ್ಲಬೇಕು, ಆ ಅವಧಿ 45 ದಿನ ಮೀರುವಂತಿಲ್ಲ. ಒಪ್ಪಂದವೇ ಇಲ್ಲದಿದ್ದರೆ 15 ದಿನ. ಅಂದರೆ ‘ಪ್ರಕಟವಾದ ಮೇಲೆ ಪಾವತಿ’ ಎಂಬ ಷರತ್ತು ಈ ಗಡುವಿನ ಮುಂದೆ ನಿಲ್ಲದು. ಇನ್ನೂ ಮುಖ್ಯವಾದ ಮಾತು ಕಾಯ್ದೆಯ ವ್ಯಾಖ್ಯಾನ ಭಾಗದಲ್ಲಿದೆ: ಕೆಲಸ ಒಪ್ಪಿಸಿದ 15 ದಿನಗಳೊಳಗೆ ಬರವಣಿಗೆಯಲ್ಲಿ ಆಕ್ಷೇಪ ಹೇಳದಿದ್ದರೆ, ಒಪ್ಪಿಸಿದ ದಿನವೇ ಸ್ವೀಕರಿಸಿದಂತೆ. ‘ಇನ್ನೂ ಓದಿಲ್ಲ’ ಎಂದು ಕರಡನ್ನು ಆರು ತಿಂಗಳು ಮೇಜಿನ ಮೇಲಿಟ್ಟರೂ ಗಡುವಿನ ಎಣಿಕೆ ನಿಲ್ಲುವುದಿಲ್ಲ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳ ಲೆಕ್ಕದ ಚಕ್ರಬಡ್ಡಿ. ಬ್ಯಾಂಕ್ ದರ ಶೇ 5.5 ಇದ್ದರೆ ಬಡ್ಡಿ ಶೇ 16.5.

2023ರ ಹಣಕಾಸು ಕಾಯ್ದೆ ಇದಕ್ಕೆ ಹಲ್ಲು ಕೊಟ್ಟಿತು. ಆಗಿನ ಆದಾಯ ತೆರಿಗೆ ಕಾಯ್ದೆಯ 43ಬಿ ಸೆಕ್ಷನ್‌ಗೆ ‘ಎಚ್’ ಉಪವಿಧಿ ಸೇರಿತು. ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಗಡುವು ಮೀರಿ ಬಾಕಿ ಉಳಿಸಿಕೊಂಡ ಮೊತ್ತವನ್ನು ಹಣ ಕೊಟ್ಟ ವರ್ಷದವರೆಗೂ ಖರ್ಚೆಂದು ತೋರಿಸುವಂತಿಲ್ಲ. ಲೇಖಕಿಯ 1 ಲಕ್ಷ ರೂಪಾಯಿ ಬಿಲ್ ಮಾರ್ಚ್ 31ಕ್ಕೆ ಗಡುವು ಮೀರಿ ಬಾಕಿ ಉಳಿದರೆ, ಶೇ 30ರ ತೆರಿಗೆ ತೆರುವ ಕಂಪನಿ ಆ ವರ್ಷ 30 ಸಾವಿರ ಹೆಚ್ಚು ಕಟ್ಟಬೇಕು. ಕಂಪನಿಗಳ ಲೆಕ್ಕಪತ್ರ ವಿಭಾಗದವರು ‘ನೀವು ಎಂಎಸ್‌ಎಂಇನಾ?’ ಎಂದು ಫಾರ್ಮ್ ಕಳಿಸುವುದು ಈ ಕಾರಣಕ್ಕೇ. ನಮ್ಮ ಬರಹಗಾರ್ತಿಯರಲ್ಲಿ ಹೆಚ್ಚಿನವರು ಅದರಲ್ಲಿ ‘ಇಲ್ಲ’ ಎಂದು ಬರೆದು ತಮ್ಮ ಹಕ್ಕನ್ನು ತಾವೇ ಬಿಟ್ಟುಕೊಡುತ್ತಿದ್ದಾರೆ ಎಂಬುದು ನನ್ನ ಆತಂಕ. ಎಂಎಸ್‌ಎಂಇ ಎಂದು ಗುರುತಿಸಿಕೊಳ್ಳಲು ಮಾಡಿಸಬೇಕಾದ ಉದ್ಯಮ್ ನೋಂದಣಿ ಉಚಿತ. ಆಧಾರ್, ಪ್ಯಾನ್ ಇದ್ದರೆ ಸಾಕು. ಸೇವೆಯ ವಾರ್ಷಿಕ ವಹಿವಾಟು 20 ಲಕ್ಷ ಮೀರದಿದ್ದರೆ ಜಿಎಸ್‌ಟಿಯ ಗೊಡವೆಯೂ ಇಲ್ಲ. ಆದರೆ ನೋಂದಣಿ ಕೆಲಸಕ್ಕೆ ಮೊದಲೇ ಆಗಿರಬೇಕು. ನಂತರ ಮಾಡಿಸಿದರೆ ಹಳೆಯ ಬಿಲ್ಲಿಗೆ ಅನ್ವಯಿಸದು ಎಂದು 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ನ್ಯೂಯಾರ್ಕ್ ನಗರ ಸ್ವತಂತ್ರ ಕೆಲಸಗಾರರಿಗಾಗಿ 30 ದಿನಗಳ ಗಡುವು ಜಾರಿಗೆ ತಂದದ್ದು 2017ರಲ್ಲಿ. ಅದನ್ನು ಮಾದರಿಯೆಂದು ತೋರಿಸುವವರಿಗೆ, ನಮ್ಮ ಕಾಯ್ದೆ ಅದಕ್ಕಿಂತ 11 ವರ್ಷ ಹಳೆಯದೆಂಬುದು ನೆನಪಿಗೆ ಬರುವುದಿಲ್ಲ.

ಹೀಗೆ ಕಾನೂನು ಮಾತಾಡುವವರಿಗೆ ಮತ್ತೆ ಕೆಲಸ ಕೊಡುವವರು ಯಾರು ಎಂಬ ಆಕ್ಷೇಪವಿದೆ. ಅದನ್ನು ತಳ್ಳಿಹಾಕಲಾರೆ. ಮಗು ಚಿಕ್ಕದಿರುವಾಗ ಇರುವ ಒಬ್ಬಿಬ್ಬರು ಕೆಲಸ ಕೊಡುವವರನ್ನು ಕಳೆದುಕೊಳ್ಳುವ ಭಯ ಸಣ್ಣದಲ್ಲ. ಆದ್ದರಿಂದಲೇ ಇದನ್ನು ಒಬ್ಬೊಬ್ಬ ತಾಯಿಯ ಧೈರ್ಯಕ್ಕೆ ಬಿಡಬಾರದು. ಬಿಲ್ಲಿನ ತಲೆಬರಹದಲ್ಲಿ ಉದ್ಯಮ್ ಸಂಖ್ಯೆ ಹಾಕುವುದು ಎಲ್ಲ ಲೇಖಕಿಯರ, ಅನುವಾದಕರ ರೂಢಿಯಾದರೆ, ಅದಕ್ಕಾಗಿ ಯಾರೊಬ್ಬರನ್ನೂ ಜಗಳಗಂಟಿ ಎಂದು ಬದಿಗಿಡಲಾಗದು. ಲೇಖಕಿಯರ ಸಂಘಟನೆಗಳು ಒಂದು ವರ್ಷ ಇದನ್ನೇ ಮಾಡಲಿ.

ಆದರೆ ದೊಡ್ಡ ಹೊಣೆ ಸರ್ಕಾರದ್ದು. ಕನ್ನಡದಲ್ಲಿ ಬರಹಕ್ಕೆ, ಅನುವಾದಕ್ಕೆ, ಪಠ್ಯಕ್ಕೆ ಹಣ ಕೊಡುವ ದೊಡ್ಡ ಕೈ ಇಲಾಖೆಗಳು, ಅಕಾಡೆಮಿಗಳು, ವಿಶ್ವವಿದ್ಯಾಲಯಗಳದ್ದೇ. ಕಾಯ್ದೆಯ ಪ್ರಕಾರ ಸೇವೆ ಪಡೆದವರೆಲ್ಲ ಖರೀದಿದಾರರು, ಸರ್ಕಾರಕ್ಕೆ ವಿನಾಯಿತಿ ಇಲ್ಲ. ಆದರೆ ಆದಾಯ ತೆರಿಗೆ ಕಟ್ಟದ ಇಲಾಖೆಗೆ ಆ ತೆರಿಗೆ ನಿಯಮದ ಹಲ್ಲು ತಾಗುವುದಿಲ್ಲ. ಅಲ್ಲಿ ಉಳಿಯುವುದು ಬಡ್ಡಿ ಮತ್ತು ಬಾಕಿ ಹಣದ ದೂರು ಕೇಳುವ ಫೆಸಿಲಿಟೇಶನ್ ಕೌನ್ಸಿಲ್ ಮಾತ್ರ. ಆ ಕೌನ್ಸಿಲ್ ರಚಿಸುವುದೂ ರಾಜ್ಯ ಸರ್ಕಾರವೇ. ದೂರು ಬಂದ 90 ದಿನಗಳೊಳಗೆ ಅದು ತೀರ್ಮಾನ ಕೊಡಬೇಕು. ತೀರ್ಪನ್ನು ಪ್ರಶ್ನಿಸುವ ಖರೀದಿದಾರ ಶೇ 75ರಷ್ಟು ಮೊತ್ತವನ್ನು ಮೊದಲು ಠೇವಣಿ ಇಡಬೇಕು. ಇಷ್ಟು ಬಲವಿರುವ ವೇದಿಕೆಯಲ್ಲಿ 50 ಸಾವಿರಕ್ಕಿಂತ ಕಡಿಮೆ ಮೊತ್ತದ ದೂರುಗಳಿಗೆ ಪ್ರತ್ಯೇಕ ದಿನ, ವಿಡಿಯೊ ವಿಚಾರಣೆ, ಕನ್ನಡದ ಅರ್ಜಿ ನಮೂನೆ ಬೇಕು. ಕೈಗೂಸನ್ನು ಎತ್ತಿಕೊಂಡವಳನ್ನು ಬೆಂಗಳೂರಿನ ಕಚೇರಿಯ ಮೆಟ್ಟಿಲು ಹತ್ತಿಸಬೇಡಿ.

ಅದಕ್ಕೂ ಮೊದಲು, ತಮ್ಮ ಬಳಿ ಲೇಖಕರ, ಅನುವಾದಕರ ಎಷ್ಟು ಬಿಲ್‌ಗಳು 45 ದಿನ ದಾಟಿ ಬಾಕಿ ಇವೆ ಎಂಬ ಪಟ್ಟಿಯನ್ನು ಪ್ರತಿ ಇಲಾಖೆಯೂ ಆರು ತಿಂಗಳಿಗೊಮ್ಮೆ ಪ್ರಕಟಿಸಲಿ. ಖಾಸಗಿ ಕಂಪನಿಗಳು ಇಂಥದೇ ಬಾಕಿಯ ವಿವರವನ್ನು 2019ರಿಂದ ಆರು ತಿಂಗಳಿಗೊಮ್ಮೆ ಕೇಂದ್ರ ಸರ್ಕಾರಕ್ಕೆ ಸಲ್ಲಿಸುತ್ತಿವೆ.