ಕನ್ನಡಕ ಹುಡುಕುವಷ್ಟರಲ್ಲಿ

ಮಕ್ಕಳೇ, ಈ ವಾರ ನನ್ನದೇ ಒಂದು ತಪ್ಪಿನ ಕಥೆ.

ಎಂಟನೇ ತರಗತಿಯ ಮೊಮ್ಮಗಳು ರಜೆಗೆ ಬಂದವಳು ಕಂಪ್ಯೂಟರಿಗೆ ‘ಪ್ರೊಸೆಸಿಂಗ್’ ಎಂಬುದನ್ನು ಹಾಕಿಕೊಂಡಳು. ಅಮೆರಿಕದ ಎಂಐಟಿಯಲ್ಲಿದ್ದಾಗ ಕೇಸಿ ರೀಸ್, ಬೆನ್ ಫ್ರೈ ಎಂಬಿಬ್ಬರು 2001ರಲ್ಲಿ ಶುರು ಮಾಡಿದ್ದಂತೆ, ದುಡ್ಡು ಕೊಡಬೇಕಾಗಿಲ್ಲ. ಇಲ್ಲಿ ಕುಂಚ ಹಿಡಿಯುವುದಿಲ್ಲ. ‘ಇಲ್ಲೊಂದು ವೃತ್ತ ಬರೆ, ಬಣ್ಣ ಇಂಥದ್ದಿರಲಿ’ ಎಂದು ಸಾಲುಸಾಲಾಗಿ ಅಪ್ಪಣೆ ಬರೆದಿಟ್ಟರೆ ಕಂಪ್ಯೂಟರೇ ಚಿತ್ರ ಬಿಡಿಸುತ್ತದೆ.

ಒಂದು ಮಧ್ಯಾಹ್ನ ‘ತಾತಾ, ಬೇಗ ಬಾ!’ ಎಂದು ಕೂಗಿದಳು. ಹೋದೆ. ತೆರೆಯ ಮೇಲೆ ಹಸಿರು, ಹಳದಿ ಏನೋ ಮಸುಕುಮಸುಕು. ‘ಕನ್ನಡಕ ತರ್ತೀನಿ, ಅದನ್ನ ಮುಚ್ಚಿ ಇನ್ನೊಂದ್ಸಲ ಹಾಕು ಪುಟ್ಟಿ’ ಅಂದೆ. ಸಿನಿಮಾ ಹಾಡಿನ ಹಾಗೆ ಮತ್ತೆ ಹಾಕಿದರೆ ಬರುತ್ತದೆ ಎಂದುಕೊಂಡಿದ್ದೆ. ಪಾಪ, ಅವಳಿಗೂ ಹಾಗೇ ಅನ್ನಿಸಿತ್ತು. ಮತ್ತೆ ಬಂದದ್ದೇ ಬೇರೆ ಚಿತ್ರ. ಹತ್ತು ಸಲ ಹಾಕಿದಳು, ಹತ್ತೂ ಬೇರೆ. ವೃತ್ತ ಎಲ್ಲಿ ಬೀಳಬೇಕು ಎನ್ನುವುದನ್ನು ಅವಳು ‘ರ‍್ಯಾಂಡಮ್’ಗೆ ಬಿಟ್ಟಿದ್ದಳು. ಚೌಕಾಬಾರದಲ್ಲಿ ಕವಡೆ ಹಾಕಿದ ಹಾಗೆ, ಪ್ರತಿಸಲವೂ ಹೊಸ ಗರ. ‘ಹೊಂಗೆ ಮರದ ನೆರಳಿನ ಥರಾನೇ ಇತ್ತು ತಾತಾ’ ಎಂದವಳು ರಾತ್ರಿ ಸರಿಯಾಗಿ ಊಟ ಮಾಡಲಿಲ್ಲ.

ಮಾರನೇ ದಿನ ಇಬ್ಬರೂ ಕೂತು ದಾರಿ ಹುಡುಕಿದೆವು. ಚಿತ್ರ ಉಳಿಸಲು ‘ಸೇವ್‌ಫ್ರೇಮ್’ ಎಂಬ ಅಪ್ಪಣೆ ಇದೆ. ಅದನ್ನು ಅವಳು ‘ಡ್ರಾ’ ಭಾಗದೊಳಗೇ ಸೇರಿಸಿಬಿಟ್ಟಳು. ಆ ಭಾಗವೋ ಸೆಕೆಂಡಿಗೆ 60 ಸಲ ಓಡುವಂಥದ್ದು! ನಾವು ಕಾಫಿ ಕುಡಿದು ಬರುವಷ್ಟರಲ್ಲಿ ಫೋಲ್ಡರಿನ ತುಂಬ ನೂರಾರು ಚಿತ್ರ. ಆಮೇಲೆ ಎಸ್ ಕೀಲಿ ಒತ್ತಿದಾಗ ಮಾತ್ರ ಉಳಿಯುವಂತೆ ಬದಲಾಯಿಸಿದಳು. ಕಡತದ ಹೆಸರಿನಲ್ಲಿ #### ಎಂದು ಹಾಕಿದರೆ ಅದು ಎಷ್ಟನೆಯ ಫ್ರೇಮು ಎಂಬ ಸಂಖ್ಯೆ ತಾನೇ ಕೂರುತ್ತದೆ. ನನಗೆ ಇಷ್ಟವಾದದ್ದು ಇನ್ನೊಂದು, ‘ರ‍್ಯಾಂಡಮ್‌ಸೀಡ್’. ಮೊದಲೇ ಒಂದು ಸಂಖ್ಯೆ ಕೊಟ್ಟು ಓಡಿಸಿದರೆ, ಅದೇ ಸಂಖ್ಯೆಗೆ ಕವಡೆ ಅದೇ ಕ್ರಮದಲ್ಲಿ ಬೀಳುತ್ತದೆ. ಸೀಡ್ ಸಂಖ್ಯೆ, ಫ್ರೇಮ್ ಸಂಖ್ಯೆ ಎರಡನ್ನೂ ಬರೆದಿಟ್ಟುಕೊಂಡರೆ ಅದೇ ಚಿತ್ರ ವಾಪಸ್! ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ವೋಚರ್ ನಂಬರು ಬರೆದವನಿಗೆ ಇದು ಅರ್ಥವಾಗಲು ಒಂದು ನಿಮಿಷವೂ ಬೇಕಾಗಲಿಲ್ಲ. ಹಳೇ ಡೈರಿಯೊಂದನ್ನು ಅವಳಿಗೆ ಕೊಟ್ಟೆ.

ಅಪ್ಪನ ಫ್ಲಿಕರ್ ಖಾತೆಗೆ ಚಿತ್ರ ಏರಿಸುವಾಗ ಸಣ್ಣ ಜಗಳವಾಯಿತು. ಜೆಪೆಗ್ ಮಾಡಿದರೆ ಸಣ್ಣ ಗೆರೆಗಳ ಅಂಚು ಕದಡಿದಂತಾಗುತ್ತದೆ, ಪಿಎನ್‌ಜಿಯೇ ಸರಿ ಎಂಬಲ್ಲಿ ಅವಳು ಗೆದ್ದಳು. ಇದು ಫೋಟೋ ಅಲ್ಲ, ಅಲ್ಲಿ ‘ಚಿತ್ರಕಲೆ’ ಎಂಬ ಬೇರೆ ವಿಭಾಗವಿದೆ, ಅದನ್ನೇ ಆರಿಸು ಎಂದೆ, ಒಪ್ಪಿದಳು. ಆದರೆ ವಿವರದಲ್ಲಿ ತನ್ನ ಪೂರ್ತಿ ಹೆಸರು, ಶಾಲೆ, ಊರು ಎಲ್ಲ ಬರೆದಿದ್ದಳು. ಅಳಿಸು ಎಂದೆ. ‘ನಾನು ಮಾಡಿದ್ದು ಅಂತ ಗೊತ್ತಾಗೋದು ಹೇಗೆ?’ ಎಂದು ಮುಖ ಊದಿಸಿಕೊಂಡಳು. ಎಲ್ಲರಿಗೂ, ಸ್ನೇಹಿತರಿಗೆ, ಮನೆಯವರಿಗೆ, ನನಗೆ ಮಾತ್ರ ಎಂದು ಯಾರಿಗೆ ಕಾಣಬೇಕೆಂಬ ಆಯ್ಕೆ ಅಲ್ಲಿದೆ. ಹೆಸರಿರುವ ಚಿತ್ರಗಳು ಮನೆಯವರಿಗೆ, ಒಂದೇ ಒಂದು ಚಿತ್ರ ಹೆಸರಿಲ್ಲದೆ ಎಲ್ಲರಿಗೂ ಎಂದು ರಾಜಿಯಾಯಿತು. ಅದರ ಕೆಳಗೆ ಸೀಡ್ ಸಂಖ್ಯೆ ಮಾತ್ರ ಇದೆ. ನನ್ನ ಮಾತು ಅತಿಯಾಯಿತೇನೋ ಎಂದು ಈಗಲೂ ಒಮ್ಮೊಮ್ಮೆ ಅನ್ನಿಸುತ್ತದೆ.

ಹೊಂಗೆ ನೆರಳಿನ ಚಿತ್ರ ಇನ್ನೂ ಸಿಕ್ಕಿಲ್ಲ. ಒಂದು, ಎರಡು, ಮೂರು ಎಂದು ಸಂಖ್ಯೆ ಕೊಡುತ್ತ ಹುಡುಕುತ್ತಲೇ ಇದ್ದಾಳೆ; ನಿನ್ನೆ ಫೋನಿನಲ್ಲಿ 412ಕ್ಕೆ ಬಂದಿದ್ದೇನೆ ಎಂದಳು. ನಾನು ಕನ್ನಡಕಕ್ಕೆ ದಾರ ಕಟ್ಟಿ ಕುತ್ತಿಗೆಗೆ ಹಾಕಿಕೊಂಡಿದ್ದೇನೆ.