ವಂಶದ ಮೇಲೆ ಹೊರೆ ಹಾಕಿದರೆ ಸಾಲದು

"ಸಕ್ಕರೆ ಕಾಯಿಲೆ, ರಕ್ತದ ಕೊಬ್ಬು ನಮ್ಮ ಕುಟುಂಬದಲ್ಲೇ ಇದೆ, ಏನು ಮಾಡುವುದು?" ಎನ್ನುವವರು ನಮ್ಮಲ್ಲಿ ಅನೇಕರು. ಇದು ಅರ್ಧ ಸತ್ಯ.

ರಕ್ತದಲ್ಲಿರುವ ಟ್ರೈಗ್ಲಿಸರೈಡ್ ಎಂಬ ಕೊಬ್ಬನ್ನು ಒಂದು ಕಿಣ್ವ ಕರಗಿಸುತ್ತದೆ. ಅಪೊ ಸಿ-3 ಎಂಬ ಪ್ರೋಟೀನು ಅದಕ್ಕೆ ಅಡ್ಡಿ. ಇನ್ಸುಲಿನ್ ಈ ಪ್ರೋಟೀನನ್ನು ಹತೋಟಿಯಲ್ಲಿಡುತ್ತದೆ. ಮಧುಮೇಹದಲ್ಲಿ ಆ ಹತೋಟಿ ಸಡಿಲವಾಗಿ ಕೊಬ್ಬು ರಕ್ತದಲ್ಲೇ ಉಳಿಯುತ್ತದೆ. ಜೀನಿನ ಪಾಲೂ ಇದೆ. ಅಮೆರಿಕದ ಆಮಿಷ್ ಎಂಬ ಕ್ರೈಸ್ತ ಕೃಷಿಕ ಸಮುದಾಯದಲ್ಲಿ ನೂರಕ್ಕೆ ಸುಮಾರು 5 ಮಂದಿಗೆ ಹುಟ್ಟಿನಿಂದಲೇ ಈ ಪ್ರೋಟೀನು ಅರ್ಧದಷ್ಟಿದ್ದು, ಟ್ರೈಗ್ಲಿಸರೈಡೂ ಕಡಿಮೆಯಿರುವುದು 2008ರಲ್ಲಿ ತಿಳಿಯಿತು.

ಆ ಭಾಗ್ಯ ಎಲ್ಲರಿಗಿಲ್ಲ. ಆದರೆ ಕಾಸರಗೋಡಿನ ತೆಂಗು ಬೆಳೆಗಾರರಾದ ನಮಗೆ ಗೊತ್ತು: ಒಳ್ಳೆಯ ತಾಯಿಮರದ ಸಸಿಯೂ ನೀರು, ಗೊಬ್ಬರವಿಲ್ಲದೆ ಸೊರಗುತ್ತದೆ, ಸಾಧಾರಣ ಸಸಿಯೂ ಆರೈಕೆಯಿಂದ ಚೇತರಿಸುತ್ತದೆ.

ಕುಡಿತ ಬಿಡುವುದು, ಸಿಹಿ ಮತ್ತು ಅನ್ನ ತಗ್ಗಿಸುವುದು, ದಿನವೂ ನಡೆಯುವುದು ನಮ್ಮ ಕೈಯಲ್ಲಿದೆ. ಸಕ್ಕರೆಯೊಂದಿಗೆ ಟ್ರೈಗ್ಲಿಸರೈಡನ್ನೂ ಪರೀಕ್ಷಿಸಿಕೊಳ್ಳೋಣ. 150 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು. 500 ದಾಟಿದರೆ ಮೇದೋಜೀರಕ ಗ್ರಂಥಿಗೆ ಅಪಾಯ, ತಡಮಾಡದೆ ವೈದ್ಯರನ್ನು ಕಾಣಬೇಕು. ಹೆತ್ತವರಿಗೆ ಮಧುಮೇಹವಿದ್ದರೆ ಪ್ರಾಯಕ್ಕೆ ಬಂದ ಮಕ್ಕಳೂ ಪರೀಕ್ಷೆ ಮಾಡಿಸಿಕೊಳ್ಳಲಿ. ವಂಶವನ್ನು ದೂರಿ ಸುಮ್ಮನಿರುವುದು ದೇವರು ಕೊಟ್ಟ ದೇಹಕ್ಕೆ ನಾವು ಮಾಡುವ ಅನ್ಯಾಯ.