ಹಾಜರಿಯ ಲೆಕ್ಕ

ಪದವಿಪೂರ್ವ ಕಾಲೇಜಿನಲ್ಲಿ ಮಕ್ಕಳನ್ನು ಓದಿಸುತ್ತಿರುವ ಗೃಹಸ್ಥರಿಗೆ ವರ್ಷದ ಕೊನೆಯಲ್ಲಿ ಒಂದು ಕಹಿಯಾದ ಕಾಗದವು ಬರುವುದುಂಟು. ನಿಮ್ಮ ಮಗಳಿಗೆ ಇಂಥ ವಿಷಯದಲ್ಲಿ ಹಾಜರಿ ಸಾಲದು, ಪರೀಕ್ಷೆಯ ಪ್ರವೇಶಪತ್ರವನ್ನು ಕೊಡಲಾಗದು, ಎಂಬುದು ಅದರ ಸಾರಾಂಶ. ಆಗ ತಂದೆಯು ಪ್ರಾಂಶುಪಾಲರ ಕೋಣೆಯ ಮುಂದೆ ಕೈಕಟ್ಟಿ ನಿಲ್ಲುವನು, ತಾಯಿಯು ಕಣ್ಣೀರಿಡುವಳು, ಊರಿನ ಹಿರಿಯರೊಬ್ಬರು ನಾಲ್ಕು ಮಾತು ಹೇಳಲು ಜೊತೆಗೆ ಬರುವರು. ಆ ಹೊತ್ತಿಗೆ ಮಾಡತಕ್ಕದ್ದು ಬಹುಮಟ್ಟಿಗೆ ಏನೂ ಉಳಿದಿರುವುದಿಲ್ಲ. ಆದುದರಿಂದ ಆ ಕಾಗದದ ವಿಚಾರವನ್ನು, ಅದು ಬರುವುದಕ್ಕೆ ಬಹು ಮುಂಚೆಯೇ, ಈ ತಿಂಗಳು ವಾಚಕರ ಮುಂದಿಡಬೇಕೆಂದಿದ್ದೇವೆ.

ನಿಯಮವೇನೋ ಸರಳವಾದುದು. ಕರ್ನಾಟಕದ ಪದವಿಪೂರ್ವ ತರಗತಿಗಳಲ್ಲಿ ವಿದ್ಯಾರ್ಥಿಯು ಪ್ರತಿಯೊಂದು ವಿಷಯದಲ್ಲಿಯೂ ನಡೆದ ಪಾಠಗಳ ಪೈಕಿ ನೂರಕ್ಕೆ 75ರಲ್ಲಾದರೂ ಹಾಜರಿರಬೇಕು. ಸಿ.ಬಿ.ಎಸ್.ಇ. ಶಾಲೆಗಳಲ್ಲಿಯೂ ಅಳತೆ ಅದೇ. ಕಾಯಿಲೆ ಮುಂತಾದ ಕಾರಣಗಳಿಗೆ ತಕ್ಕ ದಾಖಲೆಯಿದ್ದರೆ ಅಲ್ಲಿ ಸಡಿಲಿಕೆಯುಂಟು. ನೂರಕ್ಕೆ 25ನ್ನು ಬಿಟ್ಟುಕೊಟ್ಟಿರುವಾಗ ಇದರಲ್ಲಿ ಕಷ್ಟವೇನೆಂದು ಕೇಳುವವರಿದ್ದಾರೆ. ಲೆಕ್ಕ ಹಾಕಿ ನೋಡೋಣ. ವಾರಕ್ಕೆ ಆರು ದಿನ ಪಾಠವೆಂದರೆ, ಒಂದೂವರೆ ದಿನ ತಪ್ಪಿದಲ್ಲಿಗೆ ಆ 25 ತೀರಿತು. ಸಂತೆಯ ದಿನ ಅಪ್ಪನ ಅಂಗಡಿಯಲ್ಲಿ ಕುಳಿತುಕೊಳ್ಳುವ ಹುಡುಗನಿಗೆ ಅದೊಂದರಿಂದಲೇ ಸುಮಾರು 17 ಹೋಗುವುದು. ಉಳಿದ ಎಂಟರಲ್ಲಿ ಜ್ವರ, ಜಾತ್ರೆ, ಅಕ್ಕನ ಮದುವೆ, ಅಜ್ಜಿಯ ತಿಥಿ, ಎಲ್ಲವೂ ಅಡಗಬೇಕು!

ಪ್ರತಿ ವಿಷಯದಲ್ಲಿಯೂ ಎಂಬ ಮಾತನ್ನು ಮನೆಯವರು ಸಾಮಾನ್ಯವಾಗಿ ಗಮನಿಸುವುದಿಲ್ಲ. ಹಳ್ಳಿಯಿಂದ ಬರುವ ಬಸ್ಸು ದಿನವೂ ಕಾಲು ಗಂಟೆ ತಡವೆಂದು ಭಾವಿಸಿರಿ. ಲೆಕ್ಕಶಾಸ್ತ್ರಕ್ಕೆ ವಾರದಲ್ಲಿ ಐದು ಪಾಠಗಳಿದ್ದು ಅವುಗಳಲ್ಲಿ ಎರಡು ಬೆಳಗಿನ ಮೊದಲ ಗಂಟೆಗೆ ಬಂದಿವೆಯೆಂದೂ ಭಾವಿಸಿರಿ. ಆ ಎರಡು ತಪ್ಪಿದರೆ ಆ ವಿಷಯದ ಹಾಜರಿ ನೂರಕ್ಕೆ 60. ಒಂದು ದಿನವೂ ಮನೆಯಲ್ಲಿ ಕೂರದ ಹುಡುಗಿ, ಆರು ಗಂಟೆಗೆದ್ದು ನೀರು ತಂದಿಟ್ಟು ಬಸ್ಸಿಗೆ ಓಡಿದ ಹುಡುಗಿ, ಪರೀಕ್ಷೆಗೆ ಅನರ್ಹಳು. ಶಕ್ತಿ ಯೋಜನೆಯಿಂದಾಗಿ 2023ರ ಜೂನ್ 11ರಿಂದ ರಾಜ್ಯ ಸಾರಿಗೆಯ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ಹಣ ಉಳಿಯಿತು; ಬಸ್ಸಿನ ಹೊತ್ತು ಅದರಿಂದ ಸರಿಹೋಗಲಿಲ್ಲ. ಅದಕ್ಕೆ ಬೇರೆಯೇ ಪ್ರಯತ್ನ ಬೇಕು. ಒಂದೇ ದಾರಿಯ ಹತ್ತು ಮನೆಗಳವರು ಪ್ರಾಂಶುಪಾಲರ ಪತ್ರವೊಂದನ್ನು ಪಡೆದು ಡಿಪೋ ಮ್ಯಾನೇಜರರನ್ನು ಒಟ್ಟಾಗಿ ಕಾಣಲಿ. ಒಬ್ಬೊಬ್ಬರೇ ಹೋದರೆ ಕೇಳುವವರು ಕಡಮೆ.

ಹಾಗೆಂದು ನಿಯಮವನ್ನೇ ತೆಗೆದುಹಾಕಬೇಕೆನ್ನುವವರ ಪಕ್ಷ ನಮ್ಮದಲ್ಲ. ಮನೆಪಾಠಕ್ಕೆ ಹಣವಿಲ್ಲದ ಮಗುವಿಗೆ ತರಗತಿಯೊಂದೇ ಗುರು. ಅಲ್ಲದೆ ಹೆಣ್ಣುಮಕ್ಕಳಿಗೆ ಈ ನಿಯಮವು ಒಂದು ಆಸರೆಯೂ ಹೌದು. ಅತ್ತೆಮನೆಯ ಶುಭಕಾರ್ಯಕ್ಕೆ ವಾರ ಮುಂಚೆಯೇ ಬಾ ಎಂದು ಕರೆದಾಗ, ಹಿರಿಯರಿಗೆ ಎದುರಾಡಿದಂತೆಯೂ ಆಗದೆ ಆಕೆಯು ಹೇಳಬಹುದಾದ ಮಾತು ಒಂದೇ: ಹಾಜರಿ ಹೋಗುವುದು. ನಮಗೆ ಅಸಮಾಧಾನವಿರುವುದು ಬೇರೆಡೆ. ಹೆಸರು ಕಾಲೇಜಿನಲ್ಲಿ, ಹುಡುಗನು ಕೋಚಿಂಗಿನಲ್ಲಿ, ಎಂಬ ಏರ್ಪಾಡಿನಲ್ಲಿ ಓದುವವರ ಹಾಜರಿಪುಸ್ತಕವು ಸದಾ ತುಂಬಿರುವುದು. ಕೊರತೆಯ ಕಾಗದ ಹೋಗುವುದು ಬಸ್ಸು ತಪ್ಪಿದವರ ಮನೆಗೆ.

ಇನ್ನು ಮನೆಯ ಮಾತು. ಮಗನನ್ನು ಒಂದು ದಿನ ನಿಲ್ಲಿಸಿಕೊಳ್ಳಲು ಎರಡು ಸಲ ಯೋಚಿಸುವ ತಾಯಿತಂದೆಗಳು ಮಗಳನ್ನು ನಿಲ್ಲಿಸಿಕೊಳ್ಳುವಾಗ ಯೋಚಿಸುವುದೇ ಇಲ್ಲ. ಒಕ್ಕಣೆಯ ಆಳುಗಳಿಗೆ ಅಡಿಗೆಯಾಗಬೇಕು, ತಮ್ಮನಿಗೆ ಮೈ ಬಿಸಿಯಾಗಿದೆ, ನೆಂಟರು ಬಂದಿದ್ದಾರೆ: ಪ್ರತಿಯೊಂದು ಕಾರಣವೂ ಆ ದಿನಕ್ಕೆ ನ್ಯಾಯವಾಗಿಯೇ ತೋರುವುದು. ತಿಂಗಳ ಮುಟ್ಟಿನ ನೋವನ್ನಂತೂ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕೇರಳದ ಕೊಚ್ಚಿನ್ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯವು 2023ರಲ್ಲಿ ಈ ಕಾರಣಕ್ಕಾಗಿ ವಿದ್ಯಾರ್ಥಿನಿಯರಿಗೆ ನೂರಕ್ಕೆ 2ರಷ್ಟು ಹೆಚ್ಚಿನ ವಿನಾಯಿತಿ ಕೊಟ್ಟಿತು. ನಮ್ಮ ಕಾಲೇಜುಗಳಲ್ಲಿ ಅದಕ್ಕಿಂತ ಮೊದಲು ಬೇಕಾದುದು ಚಿಲಕವಿರುವ ಬಾಗಿಲು ಮತ್ತು ನೀರು ಬರುವ ನಲ್ಲಿ. ಕಾಲೇಜಿಗೆ ಹೋದ ತಾಯಂದಿರು ಅದನ್ನು ಕಣ್ಣಾರೆ ನೋಡಿ ಬರಲಿ.

ನಮ್ಮ ಹಿರಿಯರ ಕಾಲದಲ್ಲಿ ಬಡ ಹುಡುಗರು ವಾರಾನ್ನದಿಂದ ಓದಿದರು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಅದರಲ್ಲಿ ಅವಮಾನವೂ ಇದ್ದಿತು, ಜಾತಿಯ ಬೇಲಿಯೂ ಇದ್ದಿತು. ಆದರೂ ಹಸಿದ ಹುಡುಗನು ಪಾಠಕ್ಕೆ ಬಾರನೆಂಬುದನ್ನು ಆ ಗೃಹಿಣಿಯರು ಅರಿತಿದ್ದರು. ತುಮಕೂರಿನ ಸಿದ್ಧಗಂಗಾ ಮಠದಂತಹ ಕಡೆಗಳಲ್ಲಿ ಅನ್ನವೂ ವಸತಿಯೂ ವಿದ್ಯೆಯೂ ಒಂದೇ ಕಡೆ ದೊರೆತುವು. ಈಗ ಸಮಾಜ ಕಲ್ಯಾಣ ಮತ್ತು ಹಿಂದುಳಿದ ವರ್ಗಗಳ ಇಲಾಖೆಗಳ ವಿದ್ಯಾರ್ಥಿನಿಲಯಗಳುಂಟು. ನಿಲಯದಲ್ಲಿ ಸ್ಥಳ ಸಿಕ್ಕದ ಹಿಂದುಳಿದ ವರ್ಗದ ಮಕ್ಕಳಿಗಾಗಿ, ಮೊದಲು ತಿಂಗಳಿಗೆ 1,500 ರೂಪಾಯಿಯಂತೆ ವರ್ಷಕ್ಕೆ ಹತ್ತು ತಿಂಗಳ ನೆರವಾಗಿ ಆರಂಭವಾದ ವಿದ್ಯಾಸಿರಿಯುಂಟು. ಇವುಗಳಿಗೆ ಜಾತಿ ಮತ್ತು ಆದಾಯದ ಪ್ರಮಾಣಪತ್ರಗಳು ಬೇಕು. ಆ ಪತ್ರಗಳಿಗಾಗಿ ಮಗನೇ ನಾಡಕಚೇರಿಯ ಮುಂದೆ ಮೂರು ದಿನ ನಿಂತು ಪಾಠ ಕಳೆದುಕೊಳ್ಳುವುದನ್ನು ಎಲ್ಲೆಲ್ಲಿಯೂ ಕಾಣಬಹುದು. ಅದು ದೊಡ್ಡವರ ಕೆಲಸ. ಬೇಸಗೆಯ ರಜೆಯಲ್ಲಿಯೇ ಮುಗಿಯಬೇಕು. 2002ರಲ್ಲಿ ಈಶಾನ್ಯದ ಏಳು ಜಿಲ್ಲೆಗಳಲ್ಲಿ ಆರಂಭವಾದ ಬಿಸಿಯೂಟವು ಮುಂದೆ ಹತ್ತನೆಯ ತರಗತಿಯವರೆಗೆ ಬೆಳೆಯಿತು. ಅದನ್ನು ದಾಟಿ ಬಂದ ಮಗುವಿಗೆ ಬುತ್ತಿ ಕಟ್ಟಬೇಕೆಂಬುದನ್ನು ಜೂನ್ ತಿಂಗಳಲ್ಲಿ ಎಷ್ಟೋ ಮನೆಗಳವರು ಮರೆಯುವರು. ಮಧ್ಯಾಹ್ನದ ಪಾಠಗಳಲ್ಲಿ ಹಾಜರಿ ಇಳಿಯುವುದಕ್ಕೆ ಇದೂ ಒಂದು ಕಾರಣ.

ಹಾಜರಿಯ ಅಂಕಿಯನ್ನು ಜುಲೈ ತಿಂಗಳ ಕೊನೆಯಲ್ಲಿಯೇ ಕೇಳಿ ತಿಳಿದುಕೊಳ್ಳಿರಿ, ವಿಷಯವಾರಾಗಿ ಕೇಳಿರಿ, ಅಲ್ಲಿಂದ ಪ್ರತಿ ತಿಂಗಳೂ ಕೇಳಿರಿ. ಉಪನ್ಯಾಸಕರು ಬೇಸರಪಟ್ಟರೆ ಪಡಲಿ. ವರ್ಷದ ಮೊದಲಲ್ಲಿ ನಡೆದ ಪಾಠಗಳು ಕಡಮೆಯಾದುದರಿಂದ ಆಗ 60 ಇದ್ದರೂ ಮುಂದಿನ ತಿಂಗಳುಗಳಲ್ಲಿ ತುಂಬಿಕೊಳ್ಳಬಹುದು. ಜನವರಿಯ 60ನ್ನು ಯಾರೂ ತುಂಬಲಾರರು. ಕಾಯಿಲೆಯಾದರೆ ವೈದ್ಯರ ಪತ್ರವನ್ನು ಆ ವಾರವೇ ಪಡೆದು ಕಾಲೇಜಿಗೆ ಕೊಡತಕ್ಕದ್ದು. ಆರು ತಿಂಗಳ ಮೇಲೆ ತರುವ ಪತ್ರವನ್ನು ನಂಬೆಂದು ಹೇಳುವುದು ಕಷ್ಟ.

ಕೆಲವು ಮಕ್ಕಳಿಗೆ ಬಸ್ಸೂ ಇರುವುದು, ಬುತ್ತಿಯೂ ಇರುವುದು. ಆದರೂ ಬೆಳಗಾದರೆ ಹೊಟ್ಟೆನೋವು, ತಲೆನೋವು. ಭಾನುವಾರ ಮಾತ್ರ ಆ ನೋವಿಲ್ಲ. ಇದನ್ನು ಕಳ್ಳಾಟವೆಂದು ಗದರಿಸುವ ಮುನ್ನ, ವಿಜ್ಞಾನ ವಿಭಾಗವನ್ನು ಆರಿಸಿದವರು ಯಾರು, ಮಗುವೋ ಮನೆಯೋ, ಎಂಬುದನ್ನು ನೆನೆಯಿರಿ. ತರಗತಿಯಲ್ಲಿ ಯಾರಾದರೂ ಪೀಡಿಸುತ್ತಿರುವರೇ ಎಂದು ಮೆಲ್ಲಗೆ ಕೇಳಿರಿ. ಮಗುವು ಮನೆಯವರಿಗೆ ಹೇಳದಿದ್ದರೆ 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಸರಕಾರದ ದೂರವಾಣಿ ಇದೆ. 14416 ಎಂಬ ಸಂಖ್ಯೆಗೆ ಹಗಲಿರುಳೂ ಕರೆಮಾಡಬಹುದು, ಹಣ ಕೊಡಬೇಕಾದುದಿಲ್ಲ, ಮಗುವೇ ಮಾತನಾಡಬಹುದು. ಕೋಣೆಯ ಬಾಗಿಲನ್ನು ಮುಚ್ಚಿಕೊಂಡು ಮಾತನಾಡಲು ಅದಕ್ಕೆ ಅರ್ಧ ಗಂಟೆ ಬಿಡುವು ಕೊಡಿರಿ.